ಅಪ್‌ಡೇಟ್: ಶಾಲೆ ಕೈತೋಟದ ಬಸವನಹುಳು ಕಾಟ

ಕೊಡಗಿನ ಸೋಮವಾರಪೇಟೆ ಕಡೆಯ ನಮ್ಮ ಶಾಲೆಯ ಕೈತೋಟದಲ್ಲಿ ಆಫ್ರಿಕನ್ ಬಸವನಹುಳು ಸಸಿಗಳನ್ನೆಲ್ಲ ರಾತ್ರೋರಾತ್ರಿ ಮುಗಿಸುತ್ತಿದೆ, ಮಕ್ಕಳು ಓಡಾಡುವ ಜಾಗ, ವಿಷ ಹಾಕುವ ಹಾಗಿಲ್ಲ, ಏನು ಮಾಡಲಿ ಅಂತ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ.

ಕೆಲಸ ಮಾಡಿದ್ದು ಒದ್ದೆ ಗೋಣಿಚೀಲ. ಸಂಜೆ ಪಾತಿಯ ಪಕ್ಕ ಹಾಸಿ, ಅಡಿಯಲ್ಲಿ ಪಪ್ಪಾಯಿ ಎಲೆ, ಕೋಸಿನ ಹೊರಗಿನ ಎಲೆ ಇಡುವುದು. ಬೆಳಿಗ್ಗೆ ಚೀಲ ಎತ್ತಿದರೆ ಹುಳುಗಳು ಅಡಿಗೇ ಅಂಟಿಕೊಂಡಿರುತ್ತವೆ. ಆರಿಸಿ ಉಪ್ಪುನೀರಿನ ಬಕೆಟ್‌ಗೆ ಹಾಕಿದರಾಯ್ತು. ಇದು ದೊಡ್ಡವರ ಕೆಲಸ, ಅದೂ ಗ್ಲೌಸ್ ಹಾಕಿಕೊಂಡು. ಈ ಹುಳುವಿನಲ್ಲಿ ಮಿದುಳಿಗೆ ಹೋಗುವ ಪರೋಪಜೀವಿ ಇರಬಹುದು. ಹಾಗಾಗಿ ತೋಟದ ಸೊಪ್ಪನ್ನು ತೊಳೆದು, ಬೇಯಿಸಿಯೇ ತಿನ್ನುತ್ತೇವೆ.

ಬೂದಿ ಹಾಕಿ ಅಂದವರೇ ಜಾಸ್ತಿ. ಕಕ್ಕಡದ (ಜುಲೈ-ಆಗಸ್ಟ್‌ಗೆ ಬರುವ ಕೊಡವ ತಿಂಗಳು) ಮಳೆಯಲ್ಲಿ ಬೂದಿ ಎಲ್ಲಿ ನಿಲ್ಲುತ್ತೆ ಹೇಳಿ! ಪಾತಿಗೇ ಉಪ್ಪು ಸುರಿಯುವ ಸಲಹೆ ಬಿಟ್ಟೆ, ಮಣ್ಣು ಕೆಡುತ್ತದೆ.

ಇನ್ನೊಂದು ಮಜಾ ಕೇಳಿ. ಬಿಸಿಯೂಟದ ಅಕ್ಕ "ಈ ಮಳೇಲಿ ಬೀನ್ಸ್ ಯಾಕೆ ಮೇಷ್ಟ್ರೇ, ಮದ್ದುಸೊಪ್ಪು ಹಾಕಿ" ಅಂತ ಬೇಲಿ ಬದಿಗೆ ಕಡ್ಡಿ ನೆಟ್ಟರು. ಸುಮ್ನೆ ಚುಚ್ಚಿದರೆ ಸಾಕು, ಚಿಗುರುತ್ತದೆ. ಇದು ಕೊಡಗಿನಲ್ಲಿ ಕಕ್ಕಡ 18ರಂದು ಔಷಧಿ ಅಂತ ತಿನ್ನುವ ಸೊಪ್ಪು. ಆ ದಿನ ಪಕ್ಕದ ತೋಟದಿಂದ ಸೊಪ್ಪು ತಂದು ಮಕ್ಕಳೆದುರೇ ಕುದಿಸಿದರು. ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿತು. ಬಣ್ಣ ಎಲೆಯೊಳಗೆ ಎಲ್ಲಿತ್ತು ಅಂತ ಪ್ರಶ್ನೆಗಳ ಸುರಿಮಳೆ. ಅದರಲ್ಲೇ ಪಾಯಸ ಆಯ್ತು. ನೀವೂ ಮಾಡುವುದಾದರೆ, ಮೂತ್ರ ಕೆಂಪಾಗುತ್ತದೆ ಅಂತ ಮನೆಯವರಿಗೆ ಮೊದಲೇ ಹೇಳಿಡಿ. ಹೊರಗಿನಿಂದ ಬಂದವರು ಗಾಬರಿಯಾಗಿ ಫೋನ್ ಮಾಡ್ತಾರೆ!

ಬೀನ್ಸ್ ಇನ್ನು ಮಳೆ ಬಿಟ್ಟ ಮೇಲೆಯೇ.