ಅಮ್ಮನನ್ನು ಕರೆಸಿಕೊಂಡರೆ ಸುಸ್ತು ಕಡಿಮೆಯಾಗುತ್ತದಾ?

ಎಲ್ಲರಿಗೂ ನಮಸ್ಕಾರ. ಇಬ್ಬರು ಮಕ್ಕಳು, ಆಫೀಸು, ನಿದ್ದೆ ಇಲ್ಲ, ಈಗೀಗ ಮಗು ಓಡಿ ಬಂದು ತಬ್ಬಿಕೊಂಡರೂ ಖುಷಿಯೇ ಆಗುವುದಿಲ್ಲ ಎಂದು ಯುಎಇಯಲ್ಲಿರುವ ನಮ್ಮ ಕಾಸರಗೋಡಿನ ಪೆರ್ಲದ ಕಡೆಯ ತಂಗಿ ಈ ಗುಂಪಿನಲ್ಲಿ ಬರೆದಿದ್ದಳು. ಅವಳಿಗೆ ಬಂದ ಉತ್ತರಗಳನ್ನೆಲ್ಲ ಓದಿದೆ. ಹೆಚ್ಚಿನವರದ್ದು ಒಂದೇ ಮಾತು: "ಊರಿಂದ ಅಮ್ಮನನ್ನು ಕರೆಸಿಕೋ." ಉಳಿದವರದ್ದು, "ದೊಡ್ಡವನನ್ನು ಊರಿಗೆ ಕಳಿಸು, ಅಜ್ಜಿ ನೋಡಿಕೊಳ್ತಾರೆ." ನನಗೆ ಎರಡೂ ಅಷ್ಟು ಸರಿ ಕಾಣಲಿಲ್ಲ.

ಮೊದಲು ಆ ಅಮ್ಮನ ವಿಷಯ. ಅರವತ್ತು ದಾಟಿದ ಹೆಂಗಸು. ಊರಲ್ಲಿ ಅಡಿಕೆ ತೋಟ, ಒಂದೆರಡು ದನ, ಸಕ್ಕರೆ ಕಾಯಿಲೆಯ ಗಂಡ. ಅವರನ್ನೆಲ್ಲ ಯಾರದೋ ಕೈಗೆ ಒಪ್ಪಿಸಿ ಶಾರ್ಜಾದ ಫ್ಲ್ಯಾಟಿಗೆ ಬರುತ್ತಾರೆ. ಇಲ್ಲಿ ಅಂಗಳ ಇಲ್ಲ, ಆಚೆಮನೆ ಇಲ್ಲ, ಹೊರಗೆ ಬಿಸಿಲು. ಬೆಳಗ್ಗೆ ನಾವು ಹೊರಟರೆ ಸಂಜೆವರೆಗೆ ಅವರೊಬ್ಬರೇ, ಮಗುವಿನ ಜೊತೆ. ವಿಸಿಟ್ ವೀಸಾ ಮುಗಿಯುವ ಹೊತ್ತಿಗೆ ಅತ್ತೆಯ ಪಾಳಿ. ಅಮ್ಮ ಅಲ್ಲಿಂದ ದೋಹಾದ ಮಗಳ ಬಾಣಂತನಕ್ಕೆ. ಸುಸ್ತು ಕಡಿಮೆ ಆಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಅದು ಇನ್ನೊಬ್ಬ ಹೆಂಗಸಿನ ಬೆನ್ನಿಗೆ ಹೋಯಿತು, ಅಷ್ಟೇ. ಆಕೆ "ನನಗೆ ಆಗುವುದಿಲ್ಲ" ಎಂದು ಯಾವತ್ತೂ ಹೇಳುವುದಿಲ್ಲ ಬೇರೆ.

ಊರಲ್ಲಿ ಎಲ್ಲ ಚೆನ್ನಾಗಿತ್ತು ಅನ್ನುವುದೂ ಅರ್ಧ ಸತ್ಯ ಮಾರಾಯ್ರೇ. ಬಾಣಂತನದ ನಲವತ್ತು ದಿನ ನಿಜಕ್ಕೂ ಒಳ್ಳೆಯ ಏರ್ಪಾಡು. ತವರುಮನೆ, ಎಣ್ಣೆ, ಬಿಸಿನೀರು, ಕಷಾಯ. ಅದರಲ್ಲಿ ದೊಡ್ಡ ಔಷಧ ಯಾವುದು ಗೊತ್ತಾ? ಇವತ್ತು ಅಡುಗೆ ಎಂತ ಅಂತ ಬಾಣಂತಿ ಯೋಚಿಸಬೇಕಾಗಿರಲಿಲ್ಲ. ಆದರೆ ಗಂಡನ ಮನೆಗೆ ಹೋದ ಮೇಲೆ? ಹತ್ತು ಜನರ ಅಡುಗೆ, ಮಳೆಗಾಲದ ಒಣಗದ ಬಟ್ಟೆ, ಹಟ್ಟಿ ಕೆಲಸ. ಮಕ್ಕಳನ್ನು ಎತ್ತಿಕೊಳ್ಳುವ ಕೈಗಳು ಜಾಸ್ತಿ ಇದ್ದವು, ನಿಜ. ಅಮ್ಮನನ್ನು ಕೇಳುವವರು ಇರಲಿಲ್ಲ.

ಇಲ್ಲಿನ ಲೆಕ್ಕ ನೋಡಿ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರ ಹೆರಿಗೆ ರಜೆ. ಯುಎಇ ಖಾಸಗಿ ಕಂಪನಿಗಳಲ್ಲಿ 60 ದಿನ: 45 ದಿನ ಪೂರ್ತಿ ಸಂಬಳ, 15 ದಿನ ಅರ್ಧ. ಮಗು ನೋಡಿಕೊಳ್ಳಲು ಅಪ್ಪನಿಗೆ ಸಿಗುವುದು ಐದು ಕೆಲಸದ ದಿನ. ಎರಡು ತಿಂಗಳ ಕೂಸನ್ನು ಬಿಟ್ಟು ಕೆಲಸಕ್ಕೆ ಹೋಗುವವಳಿಗೆ ಸುಸ್ತಾಗದೆ ಇನ್ನೇನಾಗಬೇಕು?

ತಂಗಿ ಬರೆದದ್ದನ್ನು ಬರೀ ಸುಸ್ತು ಎಂದು ತಳ್ಳಿಹಾಕಬೇಡಿ. ಬೆಲ್ಜಿಯಂನ ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್‌ಚಾಕ್ ಎಂಬ ಇಬ್ಬರು ಮನಃಶಾಸ್ತ್ರಜ್ಞೆಯರು ತಂದೆತಾಯಿಯರ ಬರ್ನ್‌ಔಟ್, ಅಂದರೆ ಮಕ್ಕಳನ್ನು ನೋಡಿಕೊಂಡು ಪೂರ್ತಿ ಬಸವಳಿಯುವುದರ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಮೈಯೆಲ್ಲ ಸೋತುಹೋಗುವುದು, ಮಕ್ಕಳ ಕೆಲಸವೇ ಸಾಕಪ್ಪಾ ಅನ್ನಿಸುವುದು, ಊಟ ಸ್ನಾನ ಮಾಡಿಸಿದರೂ ಮನಸ್ಸು ಮಗುವಿನಿಂದ ದೂರ ನಿಲ್ಲುವುದು, "ನಾನು ಮೊದಲು ಹೀಗಿರಲಿಲ್ಲ" ಅನ್ನುವ ಸಂಕಟ. ಅವರು ಹೇಳುವ ಗುರುತುಗಳು ಈ ನಾಲ್ಕೇ. 42 ದೇಶಗಳಲ್ಲಿ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅವರವರ ಪಾಡು ಅವರವರಿಗೆ ಎಂಬ ರೀತಿಯ ಸಮಾಜಗಳಲ್ಲಿ ಇದು ಹೆಚ್ಚು ಎಂದು ಕಂಡಿತು. ನಾವು ಬಂದು ಬಿದ್ದಿರುವುದು ಅಂಥ ಬದುಕಿಗೇ. ಅದರ ಮೇಲೆ ಊರಿನ ನಿರೀಕ್ಷೆಗಳನ್ನೂ ಲಗೇಜಿನಲ್ಲಿ ತಂದಿದ್ದೇವೆ.

ಆ ನಿರೀಕ್ಷೆಗಳಲ್ಲಿ ಒಂದನ್ನು ಈ ಗುಂಪಿನಲ್ಲಿ ಯಾರೂ ಹೇಳುವುದಿಲ್ಲ: ಕನ್ನಡ. ಬದಿಯಡ್ಕ, ನೀರ್ಚಾಲು, ಕುಂಬಳೆ ಕಡೆ ಬೆಳೆದ ನಮಗೆ ಭಾಷೆ ಯಾರು ಕಲಿಸಿದರು? ಮನೆಯಲ್ಲಿ ಹವ್ಯಕವೋ ತುಳುವೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಅಂಗಡಿಯಲ್ಲಿ ಮಲಯಾಳ. ಯಕ್ಷಗಾನಕ್ಕೆ ಹೋಗಿ ಅರ್ಧ ನಿದ್ದೆಯಲ್ಲೇ ಪುರಾಣ ಕಲಿತೆವು. ಯಾವ ಅಮ್ಮನೂ ಕೂತು ಪಾಠ ಮಾಡಲಿಲ್ಲ. ಇಲ್ಲಿ ಇಡೀ ಊರು ಮಾಡುತ್ತಿದ್ದ ಕೆಲಸ ಒಬ್ಬಳ ತಲೆಗೆ. ಆಫೀಸಿಂದ ಬಂದು, ಶಾಲೆಯ ಇಂಗ್ಲಿಷು ಹಿಂದಿ ಅರಬ್ಬಿ ಮುಗಿಸಿ, ಎಂಟೂವರೆಗೆ "ಅ ಆ ಇ ಈ" ಬರೆಸಬೇಕು. ಮಗು ಅಳುತ್ತದೆ, ಅಮ್ಮ ಕಿರುಚುತ್ತಾಳೆ. ಊರಿಂದ ವಿಡಿಯೋ ಕಾಲಿನಲ್ಲಿ ಮಾವ, "ಎಂತ, ಮಗುವಿಗೆ ಕನ್ನಡವೇ ಬರುವುದಿಲ್ಲವಾ?"

ಮಾವನ ನೋವು ನನಗೆ ಅರ್ಥವಾಗುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಕವಿ ಕಯ್ಯಾರ ಕಿಂಞಣ್ಣ ರೈಗಳಂಥವರು ಕರ್ನಾಟಕಕ್ಕೆ ಸೇರಬೇಕೆಂದು ಹೋರಾಡಿದರು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಎಂದು 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಹೇಳಿದರೂ ಆಗಲಿಲ್ಲ. ಹಾಗಾಗಿ ನಮ್ಮ ಮನೆಗಳಲ್ಲಿ ಕನ್ನಡದ ಬಗ್ಗೆ ಒಂದು ಹಠ ಇದೆ. ನನಗೂ ಇದೆ. ಆದರೆ ಒಂದು ಜಿಲ್ಲೆ ಉಳಿಸಿಕೊಳ್ಳಲು ಒದ್ದಾಡುತ್ತಿರುವುದನ್ನು ನಿದ್ದೆಗೆಟ್ಟ ಒಬ್ಬ ಸೊಸೆ ಉಳಿಸಬೇಕಾ? ಅಕ್ಷರ ಎರಡು ವರ್ಷ ತಡವಾಗಲಿ. ಅಥವಾ ಮಾವನೇ ದಿನಾ ಫೋನಿನಲ್ಲಿ ಒಂದು ಕಥೆ ಹೇಳಲಿ. ಅವರಿಗೂ ಹೊತ್ತು ಹೋಗುತ್ತದೆ.

ಇನ್ನು ಗಂಡಂದಿರು. "ನಮ್ಮವರು ತುಂಬಾ ಹೆಲ್ಪ್ ಮಾಡ್ತಾರೆ" ಎಂದು ನಾಲ್ಕು ಜನ ಬರೆದಿದ್ದೀರಿ. ಮಗುವಿನ ಶೂ ಸೈಜ್ ಎಷ್ಟು, ಮುಂದಿನ ಲಸಿಕೆ ಯಾವಾಗ ಎಂದು ಅವರನ್ನೇ ಕೇಳಿ ನೋಡಿ. ಹೇಳಿದ ಕೆಲಸ ಮಾಡುವುದು ಸುಲಭ. ನೆನಪಿಟ್ಟುಕೊಳ್ಳುವುದೇ ಕಷ್ಟ, ಅದಕ್ಕೇ ರಾತ್ರಿ ನಿದ್ದೆ ಬರುವುದಿಲ್ಲ. ಭಾರತದ 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಮಾಡುವ ಗಂಡಸರು 88. ನೆನಪಿಡುವ ಕೆಲಸ ಇದರಲ್ಲಿ ಎಷ್ಟು ಸೇರಿದೆಯೋ! ನಮ್ಮ ಮನೆಯಲ್ಲಿ ಶಾಲೆಯ ವಾಟ್ಸಾಪ್ ಗುಂಪಿನಿಂದ ನಾನು ಹೊರಬಂದು ಅವರನ್ನು ಸೇರಿಸಿದೆ. ಫೋಟೋ ಡೇಗೆ ಮಗ ಬಣ್ಣದ ಅಂಗಿಯ ಬದಲು ಯೂನಿಫಾರಂನಲ್ಲಿ ಹೋದ. ಹೋಗಲಿ ಬಿಡಿ, ಈಗ ಡೈರಿ ಅವರೇ ನೋಡುತ್ತಾರೆ.

"ಮಗುವಿನ ಮೇಲೆ ಕೂಗಾಡಿದೆ, ಅದರ ಮನಸ್ಸು ಹಾಳಾಯಿತಾ" ಎಂದೂ ತಂಗಿ ಕೇಳಿದ್ದಳು. ಅಮೆರಿಕದ ಮನಃಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಿಂದ ತಾಯಿ ಮತ್ತು ಕೂಸುಗಳನ್ನು ಗಮನಿಸುತ್ತ ಬಂದವರು. ಒಳ್ಳೆಯ ಜೋಡಿಯಲ್ಲೂ ತಾಳ ಆಗಾಗ ತಪ್ಪುತ್ತದೆ, ಮತ್ತೆ ಹೊಂದಿಕೊಳ್ಳುವುದು ಮುಖ್ಯ ಎಂಬುದು ಅವರು ಕಂಡದ್ದು. ನಮ್ಮ ಅಮ್ಮಂದಿರು "ಸಾರಿ" ಹೇಳಿದವರಲ್ಲ. ಬೈದು ಸ್ವಲ್ಪ ಹೊತ್ತಿಗೆ ದೋಸೆಗೆ ಬೆಲ್ಲ ಹಾಕಿ ಕರೆಯುತ್ತಿದ್ದರು. ನಾವು ಅದರ ಜೊತೆ ಬಾಯಿಬಿಟ್ಟೂ ಹೇಳಬಹುದು: "ಅಮ್ಮನಿಗೆ ಸುಸ್ತಾಗಿ ಸಿಟ್ಟು ಬಂತು, ನಿನ್ನ ತಪ್ಪಲ್ಲ."

ಒಂದು ಎಚ್ಚರಿಕೆ. ಮಕ್ಕಳ ವಿಷಯದಲ್ಲಿ ಮಾತ್ರವಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸುಮ್ನೆ ಅಳು, ಬದುಕೇ ಬೇಡ ಅನ್ನಿಸಿದರೆ ಗುಂಪಿನಲ್ಲಿ ಉತ್ತರ ಕಾಯಬೇಡಿ, ಕೂಡಲೇ ಡಾಕ್ಟರ ಹತ್ತಿರ ಹೋಗಿ. ಹೆರಿಗೆಯ ನಂತರದ ಖಿನ್ನತೆ ಗುರುತಿಸಲು 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಎಡಿನ್‌ಬರ್ಗ್ ಮಾಪಕ ಇದೆ. ಊರಲ್ಲಿರುವವರಿಗೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ತಂಗಿ, ದೊಡ್ಡವನನ್ನು ಊರಿಗೆ ಕಳಿಸಬೇಡ. ಅಮ್ಮ ಬರುವುದಾದರೆ ಮೊಮ್ಮಕ್ಕಳ ಜೊತೆ ಕೂತು ಮಾತಾಡಲು ಬರಲಿ, ಅಡುಗೆಗೆ ಒಬ್ಬರನ್ನು ಗೊತ್ತು ಮಾಡು. ನಮ್ಮ ಬಿಲ್ಡಿಂಗಿನಲ್ಲಿ ಮೂರು ಮನೆಯವರು ಶನಿವಾರ ಸಂಜೆ ಸರದಿಯಂತೆ ಎಲ್ಲ ಮಕ್ಕಳನ್ನೂ ಒಂದೇ ಮನೆಯಲ್ಲಿ ಕೂರಿಸಿಕೊಳ್ಳುತ್ತೇವೆ. ನೀನು ಅಲ್ ನಹ್ದಾ ಕಡೆಯವಳಾದರೆ ಇನ್‌ಬಾಕ್ಸಿಗೆ ಬಾ. ಈ ಶನಿವಾರ ನಮ್ಮಲ್ಲಿ, ಐದು ಗಂಟೆಗೆ. ಅಪ್ಪಂದಿರೂ ಬಂದೇ ಬರಬೇಕು, ಮಕ್ಕಳನ್ನು ನೋಡಿಕೊಳ್ಳುವವರು ಅವರೇ.