ಅಲಿಗೇಟರ್ ಮಾಂಸ ಮನೆಯಲ್ಲಿ ಮಾಡಿದವರು ಇದ್ದೀರಾ? ಒಂದು ಸಲ ಕೆಟ್ಟಿದೆ, ಇನ್ನೂ ಮೂರು ಪೌಂಡ್ ಉಳಿದಿದೆ

ಪ್ರಶ್ನೆ, ಲಾಫಯೆಟ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾವು ಲೂಸಿಯಾನಾಗೆ ಬಂದು ಎಂಟು ತಿಂಗಳಾಯಿತು. ಊರು ಹಾಸನದ ಹತ್ತಿರ, ಮನೆಯಲ್ಲಿ ಕೋಳಿ, ಮಟನ್, ಮೀನು ಎಲ್ಲಾ ಮಾಡುತ್ತೇವೆ. ಹೋದ ತಿಂಗಳು ನಮ್ಮ ಯಜಮಾನರ ಜೊತೆ ಕೆಲಸ ಮಾಡುವವರೊಬ್ಬರು ಅಲಿಗೇಟರ್, ಅಂದರೆ ಇಲ್ಲಿನ ಒಂದು ಜಾತಿ ಮೊಸಳೆಯ ಬೇಟೆಗೆ ಹೋಗಿದ್ದರಂತೆ, ಬಂದು ನಾಲ್ಕು ಪೌಂಡ್ ಮಾಂಸ ಕೊಟ್ಟರು. ಪ್ರೀತಿಯಿಂದ ಕೊಟ್ಟಿದ್ದು, ಬೇಡ ಅನ್ನೋಕೆ ಮನಸ್ಸಾಗಲಿಲ್ಲ. ಒಂದು ಪೌಂಡ್ ತೆಗೆದು ಮಟನ್ ಸಾರಿನ ಥರ ಕುಕ್ಕರಿನಲ್ಲಿ ಮೂರು ವಿಷಲ್ ಕೂಗಿಸಿದೆ. ತುಂಡುಗಳು ರಬ್ಬರ್ ಆಗಿಬಿಟ್ಟವು. ಸಾರಿನ ಮೇಲೆ ತೇಲಿದ ಎಣ್ಣೆಗೆ ಕೆರೆ ಕೆಸರಿನ ವಾಸನೆ. ಮಕ್ಕಳು ಮುಟ್ಟಲಿಲ್ಲ. ಪೂರ್ತಿ ಚೆಲ್ಲಿದೆ, ಚೆಲ್ಲುವಾಗ ಹೊಟ್ಟೆ ಉರಿಯಿತು. ಇನ್ನೂ ಮೂರು ಪೌಂಡ್ ಫ್ರೀಜರ್‌ನಲ್ಲಿದೆ. ಎರಡು ಪ್ಯಾಕೆಟ್ ಬೆಳ್ಳಗಿವೆ, ಒಂದು ಸ್ವಲ್ಪ ಕೆಂಪಗಿದೆ. ಕೊಟ್ಟವರು ಮುಂದಿನ ಶನಿವಾರ ಊಟಕ್ಕೆ ಬರುತ್ತಾರೆ. ಅವರು ಕೊಟ್ಟಿದ್ದನ್ನೇ ನಮ್ಮ ಊರಿನ ರುಚಿಯಲ್ಲಿ ಅವರಿಗೆ ಬಡಿಸಬೇಕು ಅಂತ ಆಸೆ. ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಹ್ಯೂಸ್ಟನ್‌ನಿಂದ:

ಹಾಲಿನಲ್ಲಿ ಒಂದು ರಾತ್ರಿ ನೆನೆಸಿ, ಸಣ್ಣ ತುಂಡು ಮಾಡಿ ಎಣ್ಣೆಯಲ್ಲಿ ಕರಿಯಿರಿ. ನಾವು ಮಾಡೋದು ಅಷ್ಟೇ, ಯಾವತ್ತೂ ಕೆಟ್ಟಿಲ್ಲ. ಕುಕ್ಕರ್ ಸಹವಾಸವೇ ಬೇಡ.

ಬ್ಯಾಟನ್ ರೂಜ್‌ನಿಂದ:

ಮೇಡಂ, ನಾನು ಮಂಡ್ಯದ ಕಡೆಯವನು, ಇಲ್ಲಿ ಹನ್ನೊಂದು ವರ್ಷ ಆಯಿತು. ನಿಮಗೆ ಆಗಿದ್ದೇ ನನಗೂ ಆಗಿತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ.

ನಿಮ್ಮ ಹತ್ತಿರ ಇರುವುದು ಒಂದು ಮಾಂಸ ಅಲ್ಲ, ಎರಡು. ಬೆಳ್ಳಗಿರುವುದು ಬಾಲದ್ದು. ಕೆಂಪಗಿರುವುದು ಕಾಲು ಅಥವಾ ಮೈಯಿನದು. ಎರಡಕ್ಕೂ ಅಡುಗೆ ಬೇರೆ. ಬಾಲವನ್ನು ಬೇಗ ಮಾಡಿ ಇಳಿಸಬೇಕು, ಕಾಲನ್ನು ನಿಧಾನಕ್ಕೆ ಗಂಟೆಗಟ್ಟಲೆ ಬೇಯಿಸಬೇಕು. ಇವೆರಡರ ನಡುವೆ ನಿಂತರೆ ರಬ್ಬರ್. ನಿಮ್ಮ ಮೂರು ವಿಷಲ್ ಸರಿಯಾಗಿ ಆ ನಡುವಿನ ಜಾಗದಲ್ಲಿ ನಿಂತಿದೆ. ಬಾಲದ ಮಾಂಸದಲ್ಲಿ ಕೊಬ್ಬೇ ಇಲ್ಲ, ನಾರು ಒತ್ತೊತ್ತಾಗಿದೆ, ಬಿಸಿ ತಾಗಿ ಬಿಗಿದ ಮೇಲೆ ಸಡಿಲ ಆಗೋಕೆ ತುಂಬಾ ಹೊತ್ತು ಬೇಕು.

ಇನ್ನು ವಾಸನೆ. ಅದು ಮಾಂಸದ್ದಲ್ಲ, ಕೊಬ್ಬಿನದು. ನನಗೆ ಇದನ್ನು ಕಲಿಸಿದ್ದು ನಮ್ಮ ಹಳೇ ಬಾಡಿಗೆ ಮನೆಯ ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಕೇಜನ್ ಮನೆತನದವರು, ಅಂದರೆ ಇಲ್ಲಿ ನೆಲೆಸಿದ ಫ್ರೆಂಚ್ ಮೂಲದವರು. ನಾನು ತೊಳೆದಿಟ್ಟ ಬಾಲದ ತುಂಡನ್ನು ಕೈಗೆ ತೆಗೆದುಕೊಂಡು, ಎರಡು ದಿಂಡುಗಳ ಸಂದಿಯಲ್ಲಿದ್ದ ತೆಳ್ಳನೆ ಹಳದಿ ಕೊಬ್ಬನ್ನು ಉಗುರಿನಿಂದ ಕೆರೆದು ನನ್ನ ಮೂಗಿನ ಹತ್ತಿರ ಹಿಡಿದರು. ಮಳೆಗಾಲದಲ್ಲಿ ಕೆರೆ ಏರಿ ಮೇಲೆ ಬರುವ ಅದೇ ವಾಸನೆ. ಆಮೇಲೆ ಬರೀ ಮಾಂಸ ಹಿಡಿದರು. ಏನೂ ಇಲ್ಲ, ತಣ್ಣಗೆ, ಕೋಳಿ ಎದೆಯ ಥರ. ಆವತ್ತಿನಿಂದ ಒಂದು ಚೂರು ಕೊಬ್ಬನ್ನೂ ಬಿಡುವುದಿಲ್ಲ.

ಬಾಲದೊಳಗೆ ಬಾಳೆದಿಂಡಿನ ಥರ ನಾಲ್ಕು ಉದ್ದ ದಿಂಡುಗಳಿರುತ್ತವೆ. ಪ್ಯಾಕೆಟ್ಟನ್ನು ಫ್ರಿಜ್ಜಿನ ಕೆಳಗಿನ ತಟ್ಟೆಯಲ್ಲಿಟ್ಟು ಒಂದು ರಾತ್ರಿ ಕರಗಿಸಿ. ಪೂರ್ತಿ ಮೆತ್ತಗಾಗುವ ಮೊದಲೇ, ಇನ್ನೂ ಸ್ವಲ್ಪ ಗಟ್ಟಿ ಇರುವಾಗಲೇ ಕೆಲಸ ಶುರು ಮಾಡಿ, ಆಗ ಕೊಬ್ಬು ಚಾಕುವಿಗೆ ಸಿಕ್ಕುತ್ತದೆ, ಕರಗಿದ ಮೇಲೆ ಜಾರುತ್ತದೆ. ದಿಂಡುಗಳನ್ನು ಬೇರೆ ಬೇರೆ ಮಾಡಿ, ಹಳದಿ ಕೊಬ್ಬು ತೆಗೆಯಿರಿ, ಮೇಲಿನ ಬಿಳಿ ಪೊರೆ ಎಳೆದು ತೆಗೆಯಿರಿ, ದಾರದಂಥ ನರ ಕಂಡರೆ ಅದನ್ನೂ. ಆಮೇಲೆ ನಾರಿಗೆ ಅಡ್ಡವಾಗಿ, ಅರ್ಧ ಅಂಗುಲ ದಪ್ಪಕ್ಕೆ ಬಿಲ್ಲೆ ಕೊಯ್ಯಿರಿ. ಪ್ಲಾಸ್ಟಿಕ್ ಹಾಳೆ ಮುಚ್ಚಿ ಲಟ್ಟಣಿಗೆಯಿಂದ ಎರಡೇಟು ಬಡಿದರೆ ಸಾಕು, ನಾರು ಒಡೆಯುತ್ತದೆ. ಇಷ್ಟು ಮಾಡಿದರೆ ಮುಕ್ಕಾಲು ಅಡುಗೆ ಮುಗಿದ ಹಾಗೆ.

ನೆನೆಸೋಕೆ ನಾನು ಹಾಲು ಹಾಕೋಲ್ಲ, ಹುಳಿ ಮಜ್ಜಿಗೆ ಹಾಕುತ್ತೇನೆ, ಎರಡು ಮೂರು ಗಂಟೆ. ನಿಂಬೆರಸ ಹಾಕಿ ಬಹಳ ಹೊತ್ತು ಬಿಡಬೇಡಿ, ಮೇಲೆ ಮೇಲೆ ಪಿಸುಕಿದ ಹಾಗೆ ಆಗಿ ಒಳಗೆ ಹಾಗೇ ಇರುತ್ತದೆ.

ನಿಮ್ಮ ಅತಿಥಿಗೆ ನಾನಾದರೆ ನಮ್ಮ ಕಡೆ ಹೋಟೆಲಿನ ಕಬಾಬ್ ಮಾಡುತ್ತೇನೆ. ಒಂದು ಪೌಂಡ್ ಬಾಲಕ್ಕೆ ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಎರಡು ಸಣ್ಣ ಚಮಚ ಬ್ಯಾಡಗಿ ಪುಡಿ, ಅರ್ಧ ಚಮಚ ಕಾಳುಮೆಣಸು, ಉಪ್ಪು, ಒಂದು ಮೊಟ್ಟೆ, ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್, ಒಂದು ಚಮಚ ಅಕ್ಕಿ ಹಿಟ್ಟು, ಕರಿಬೇವು. ಮಜ್ಜಿಗೆಯಿಂದ ತೆಗೆದು ಚೆನ್ನಾಗಿ ಒರೆಸಿ ಆಮೇಲೆ ಮಸಾಲೆ ಕಲಸಿ, ಇಲ್ಲದಿದ್ದರೆ ಹಿಟ್ಟು ಬಿಟ್ಟುಕೊಂಡು ಎಣ್ಣೆಯಲ್ಲಿ ತೇಲುತ್ತದೆ. ಎಣ್ಣೆ 350 ಡಿಗ್ರಿ ಫ್ಯಾರನ್‌ಹೀಟ್ ಇರಲಿ. ಒಂದು ಸಲಕ್ಕೆ ಏಳೆಂಟು ತುಂಡು, ಎರಡರಿಂದ ಮೂರು ನಿಮಿಷ. ಬಣ್ಣ ಬಂತು ಅಂದರೆ ಒಂದು ತುಂಡಿಗೆ ಥರ್ಮಾಮೀಟರ್ ಚುಚ್ಚಿ ನೋಡಿ, 165 ತೋರಿಸಿದರೆ ತಕ್ಷಣ ತೆಗೆಯಿರಿ. ಇನ್ನೂ ಸ್ವಲ್ಪ ಇರಲಿ ಅಂತ ಬಿಟ್ಟಿರೋ, ಮತ್ತೆ ರಬ್ಬರ್.

ಕೆಂಪಗಿರುವ ಪ್ಯಾಕೆಟ್ಟಿಗೆ ಸಾರು. ಅದಕ್ಕೂ ಕೊಬ್ಬು ತೆಗೆಯಲೇಬೇಕು. ಧನಿಯ, ಬ್ಯಾಡಗಿ, ಮೆಣಸು, ಚಕ್ಕೆ, ಲವಂಗ ಹುರಿದು ಸುಟ್ಟ ಈರುಳ್ಳಿ, ಕಾಯಿ ಜೊತೆ ರುಬ್ಬಿ, ನಾಟಿಕೋಳಿಗೆ ಮಾಡುವ ಹಾಗೇ ಮಾಡಿ, ಆದರೆ ಕುಕ್ಕರ್ ಬೇಡ, ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ, ಬೇಕಾದರೆ ಎರಡು ಗಂಟೆ. ನಡುವೆ ಚುಚ್ಚಿ ನೋಡಿ, ಗಟ್ಟಿ ಇದ್ದರೆ ಗಾಬರಿ ಬೇಡ, ಇನ್ನೂ ಬೇಯಲಿ. ಇಲ್ಲಿನವರು ಇದನ್ನೇ ಸಾಸ್ ಪೀಕಾಂಟ್ ಅಂತ ಮಾಡುತ್ತಾರೆ. ಎಣ್ಣೆಯಲ್ಲಿ ಮೈದಾ ಹಿಟ್ಟನ್ನು ಕಂದು ಬಣ್ಣ ಬರುವವರೆಗೆ ಕೈ ಬಿಡದೆ ತಿರುವಿ, ಈರುಳ್ಳಿ, ಸೆಲರಿ, ದಪ್ಪ ಮೆಣಸಿನಕಾಯಿ ಹಾಕಿ ಬಾಡಿಸಿ, ಟೊಮೆಟೊ ಹಾಕಿ ನಿಧಾನಕ್ಕೆ ಕುದಿಸುವುದು. ಇದರಲ್ಲಿ ಬಾಲದ ಮಾಂಸವೂ ಹಾಕುತ್ತಾರೆ, ಆದರೆ ಗಂಟೆಗಟ್ಟಲೆ. ಅಜ್ಜಿ ಅನ್ನಕ್ಕೆ ಹಾಕಿ ಕೊಡುತ್ತಿದ್ದರು, ನಾನು ಮನೆಗೆ ತಂದು ಮುದ್ದೆಗೆ ಹಾಕಿಕೊಂಡೆ, ಮುದ್ದೆಗೆ ಅಷ್ಟು ಒಪ್ಪುವ ಇಲ್ಲಿನ ಸಾರು ಇನ್ನೊಂದಿಲ್ಲ.

ಒಂದು ಸಲ ಕಾಚಂಪುಳಿ ಹಾಕಿ ಕೊಡಗಿನ ಹಂದಿ ಮಸಾಲೆಯಲ್ಲೂ ಮಾಡಿ ನೋಡಿದೆ. ಸರಿ ಬರಲಿಲ್ಲ. ಹಂದಿಯಲ್ಲಿ ಆ ಹುಳಿಯನ್ನು ತಡೆಯುವುದೇ ಅದರ ಕೊಬ್ಬು. ಇದಕ್ಕೆ ಕೊಬ್ಬು ತೆಗೆದ ಮೇಲೆ ಬರೀ ಹುಳಿ ಉಳಿಯುತ್ತದೆ.

ಇನ್ನೊಂದು ಮಾತು. ಬೇಟೆಯವರು ಕೊಟ್ಟ ಮಾಂಸ ಆದ್ದರಿಂದ, ಹೊಡೆದವರ ಹೆಸರು, ತಾರೀಖು, ಟ್ಯಾಗ್ ನಂಬರ್ ಇರುವ ಚೀಟಿ ಬರೆಸಿಕೊಂಡು ಪ್ಯಾಕೆಟ್ ಜೊತೆ ಇಟ್ಟುಕೊಳ್ಳಿ. ಇಲ್ಲಿ ಹೊಡೆದ ಪ್ರತಿ ಅಲಿಗೇಟರ್‌ಗೂ ಸರ್ಕಾರ ಕೊಡುವ ನಂಬರಿನ ಟ್ಯಾಗ್ ಹಾಕಲೇಬೇಕು. ಚೀಟಿ ಇದ್ದರೆ ಯಾರು ಕೇಳಿದರೂ ತೊಂದರೆ ಇಲ್ಲ.

ಒರ್ಲ್ಯಾಂಡೊದಿಂದ:

ಮೇಲಿನವರು ಚೆನ್ನಾಗಿ ಹೇಳಿದ್ದಾರೆ. ಆದರೆ ಹುಷಾರಿನ ವಿಷಯ ಇನ್ನೂ ಸ್ವಲ್ಪ ಜಾಸ್ತಿ ಹೇಳಬೇಕು. ಹಾವು, ಆಮೆ, ಮೊಸಳೆ ಈ ಜಾತಿಯ ಪ್ರಾಣಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಅನ್ನುವ, ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸಾಮಾನ್ಯ. ಕೊಯ್ದ ಮಣೆ, ಚಾಕು, ಸಿಂಕ್ ಎಲ್ಲಾ ಬಿಸಿನೀರು ಸೋಪು ಹಾಕಿ ತೊಳೆಯಿರಿ, ಅದೇ ಮಣೆಯ ಮೇಲೆ ಕೊತ್ತಂಬರಿ ಸೊಪ್ಪು ಹೆಚ್ಚಬೇಡಿ. ಒಳಗೆ ಗುಲಾಬಿ ಬಣ್ಣ ಇರಲಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

ಎರಡನೆಯದು ಪಾದರಸ. ಇದು ಮೀನು, ಹಕ್ಕಿ, ಆಮೆ ತಿಂದು ಬಹಳ ವರ್ಷ ಬದುಕುವ ಪ್ರಾಣಿ, ನೀರಿನಲ್ಲಿರುವ ಪಾದರಸ ಇದರ ಮೈಯಲ್ಲಿ ಸೇರುತ್ತಾ ಹೋಗುತ್ತದೆ. ನಮ್ಮ ಫ್ಲೋರಿಡಾದ ಎವರ್‌ಗ್ಲೇಡ್ಸ್ ಕಡೆಯವುಗಳಲ್ಲಿ ಇದು ಜಾಸ್ತಿ. ನನ್ನ ತಂಗಿ ಬಸುರಿಯಾಗಿದ್ದಾಗ ಬಹಳ ಆಸೆಪಟ್ಟಳು, ಆದರೂ ಬೇಟೆಯ ಮಾಂಸ ಅಂತ ನಾನು ಬಡಿಸಲಿಲ್ಲ. ಸಣ್ಣ ಮಕ್ಕಳಿಗೂ ರುಚಿ ನೋಡೋಕೆ ಎರಡು ತುಂಡು ಸಾಕು. ವರ್ಷಕ್ಕೊಂದು ಸಲ ತಿನ್ನುವ ದೊಡ್ಡವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಅಂಗಡಿಯಲ್ಲಿ ಸಾಸೇಜ್ ತಂದರೆ ಹಿಂದಿನ ಚೀಟಿ ಓದಿ. ಅಲಿಗೇಟರ್ ಅಂತ ದೊಡ್ಡದಾಗಿ ಬರೆದಿದ್ದರೂ ಬಹಳಷ್ಟರಲ್ಲಿ ಹಂದಿ ಮಾಂಸ ಸೇರಿರುತ್ತದೆ, ಮಾಂಸದಲ್ಲಿ ಕೊಬ್ಬಿಲ್ಲ ಅಂತ ಹಾಕುತ್ತಾರೆ. ಹಂದಿ ತಿನ್ನದ ಸ್ನೇಹಿತರಿಗೆ ಗೊತ್ತಿಲ್ಲದೆ ಬಡಿಸಿಬಿಟ್ಟು ನಾನು ಇವತ್ತಿಗೂ ನೊಂದುಕೊಳ್ಳುತ್ತೇನೆ.

ನ್ಯೂ ಆರ್ಲಿಯನ್ಸ್‌ನಿಂದ:

ನಾವು ಮಂಗಳೂರಿನ ಕ್ರೈಸ್ತರು. ನಮ್ಮ ಮನೆಯಲ್ಲಿ ಇದು ಬರುವುದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ. ಆಶ್ಚರ್ಯ ಅನ್ನಿಸಬಹುದು, ಮಾಂಸ ಬಿಡುವ ದಿನ ಮೊಸಳೆ ಹೇಗೆ ಅಂತ. 2010ರಲ್ಲಿ ಇಲ್ಲಿನ ಆರ್ಚ್‌ಬಿಷಪ್ ಗ್ರೆಗರಿ ಏಮಂಡ್ ಅವರು ಒಬ್ಬರು ಕೇಳಿದ್ದಕ್ಕೆ ಪತ್ರ ಬರೆದು, ಅಲಿಗೇಟರ್ ಮೀನಿನ ಗುಂಪಿಗೇ ಸೇರುತ್ತದೆ, ತಿನ್ನಬಹುದು ಅಂದರು. ಊರಿನಲ್ಲಿರುವ ನಮ್ಮ ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು ನಂಬೋಕೆ ಎರಡು ವಾರ ಬೇಕಾಯಿತು.

ನಾವು ಮಾಡುವುದು ಘೀ ರೋಸ್ಟ್. ಒಂದೇ ಗುಟ್ಟು ಅಂದರೆ ಮಸಾಲೆ ಮೊದಲು, ಮಾಂಸ ಕೊನೆಗೆ. ಬ್ಯಾಡಗಿ, ಬೆಳ್ಳುಳ್ಳಿ, ಮೆಣಸು, ಹುಣಸೆ ನುಣ್ಣಗೆ ರುಬ್ಬಿ ತುಪ್ಪದಲ್ಲಿ ತುಪ್ಪ ಬಿಟ್ಟುಕೊಳ್ಳುವವರೆಗೆ ಹುರಿದು ಪಕ್ಕಕ್ಕಿಡಿ. ಬೇರೆ ಬಾಣಲೆಯಲ್ಲಿ ಬಾಲದ ತುಂಡುಗಳನ್ನು ಜೋರು ಉರಿಯಲ್ಲಿ ಎರಡೂ ಕಡೆ ಬೇಯಿಸಿ, ಒಳಗೆ 165 ಬಂದ ಮೇಲೆ ಮಸಾಲೆಗೆ ಹಾಕಿ ಒಂದು ಸುತ್ತು ತಿರುವಿ ಇಳಿಸಿ. ಕೋಳಿಯ ಹಾಗೆ ಮಸಾಲೆಯಲ್ಲೇ ಬೇಯಲಿ ಅಂತ ಬಿಟ್ಟರೆ ಕೆಡುತ್ತದೆ. ನೀರ್ ದೋಸೆ ಜೊತೆ ತಿಂದು ನೋಡಿ.

ದಾಂಡೇಲಿಯಿಂದ:

ನಾನು ಅಡುಗೆ ಹೇಳೋಕೆ ಬಂದಿಲ್ಲ. ಇದನ್ನೆಲ್ಲಾ ಓದಿ ಊರಿನಲ್ಲಿರುವವರಿಗೆ ಆಸೆ ಹುಟ್ಟಬಾರದು ಅಂತ ಬರೆಯುತ್ತಿದ್ದೇನೆ. ನಮ್ಮ ಕಾಳಿ ನದಿಯಲ್ಲಿ, ರಂಗನತಿಟ್ಟಿನಲ್ಲಿ ಬಂಡೆ ಮೇಲೆ ಬಾಯಿ ತೆರೆದು ಮಲಗಿರುತ್ತವಲ್ಲ, ಅವು ಬೇರೆ ಜಾತಿ, ಮಗ್ಗರ್ ಮೊಸಳೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಪಟ್ಟಿಯಲ್ಲಿ, ಅಂದರೆ ಹುಲಿಯ ಸಾಲಿನಲ್ಲಿ ಇವೆ. ಹೊಡೆಯುವುದು, ಮಾಂಸ ಇಟ್ಟುಕೊಳ್ಳುವುದು, ಮಾರುವುದು ಎಲ್ಲಾ ಅಪರಾಧ. ಹಾಗೇ ರಜೆಗೆ ಬರುವಾಗ ಅಲಿಗೇಟರ್ ಮಾಂಸ ಒಣಗಿಸಿದ ಪ್ಯಾಕೆಟ್ ಸೂಟ್‌ಕೇಸಿನಲ್ಲಿ ತರಬೇಡಿ. ಅದನ್ನು ದೇಶದಿಂದ ದೇಶಕ್ಕೆ ಸಾಗಿಸೋಕೆ ಪರವಾನಗಿ ಬೇಕು.

ಪ್ರಶ್ನೆ ಕೇಳಿದವರು, ಲಾಫಯೆಟ್‌ನಿಂದ:

ಎಲ್ಲರಿಗೂ ತುಂಬಾ ಧನ್ಯವಾದ. ದಾಂಡೇಲಿಯವರು ಬರೆದಿದ್ದು ಓದಿ ನಮ್ಮ ಅತ್ತೆ ಕೇಳುತ್ತಿದ್ದಾರೆ, ಅಲ್ಲಿ ಕಾಪಾಡಬೇಕಾದ ಪ್ರಾಣಿ ಇಲ್ಲಿ ಹೇಗೆ ತಿನ್ನಬಹುದು, ಪಾಪ ಅಲ್ವಾ ಅಂತ. ಏನು ಹೇಳಲಿ?

ಬ್ಯಾಟನ್ ರೂಜ್‌ನಿಂದ:

ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಒಂದು ಕಾಲದಲ್ಲಿ ಇಲ್ಲೂ ಹಾಗೇ ಇತ್ತು. ಚರ್ಮಕ್ಕೋಸ್ಕರ ಸಿಕ್ಕಾಪಟ್ಟೆ ಹೊಡೆದು ಹೊಡೆದು ಕಮ್ಮಿಯಾದವು. 1962ರಲ್ಲಿ ಲೂಸಿಯಾನಾ ಬೇಟೆಯನ್ನೇ ನಿಲ್ಲಿಸಿತು. 1967ರಲ್ಲಿ ದೇಶದ ಮಟ್ಟದಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಿದರು. 1972ರಲ್ಲಿ ಕ್ಯಾಮರೂನ್ ಪ್ಯಾರಿಷ್ (ಪ್ಯಾರಿಷ್ ಅಂದರೆ ಇಲ್ಲಿನ ಜಿಲ್ಲೆ) ಒಂದರಲ್ಲಿ ಮಾತ್ರ ಲೆಕ್ಕ ಇಟ್ಟು ಬೇಟೆ ಮತ್ತೆ ಶುರು ಮಾಡಿದರು, 1987ರಲ್ಲಿ ಪೂರ್ತಿ ಚೇತರಿಸಿಕೊಂಡಿದೆ ಅಂತ ಪಟ್ಟಿಯಿಂದ ತೆಗೆದರು. ಈಗ ಆಗಸ್ಟ್ ಕೊನೆಯಲ್ಲಿ ಪೂರ್ವದ ಕಡೆ, ಸೆಪ್ಟೆಂಬರ್ ಮೊದಲಲ್ಲಿ ಪಶ್ಚಿಮದ ಕಡೆ ಬೇಟೆ ಶುರುವಾಗುತ್ತದೆ, ಎಷ್ಟು ಟ್ಯಾಗೋ ಅಷ್ಟೇ.

ಇಲ್ಲಿನ ಕರಾವಳಿಯ ಜೌಗು ನೆಲ ಬಹುಪಾಲು ಖಾಸಗಿಯವರದು. ಅವರು ಮೊಟ್ಟೆ ಆರಿಸಿ ಸಾಕುವವರಿಗೆ ಮಾರುತ್ತಾರೆ, ಸಾಕುವವರು ಮರಿಗಳು ಮೂರು ನಾಲ್ಕು ಅಡಿ ಬೆಳೆದ ಮೇಲೆ ಅದರಲ್ಲಿ ಒಂದು ಪಾಲನ್ನು ಅದೇ ಜೌಗಿಗೆ ತಂದು ಬಿಡಬೇಕು. ನೆಲದಿಂದ ದುಡ್ಡು ಬರುವುದರಿಂದ ಯಾರೂ ಅದನ್ನು ಮುಚ್ಚಿ ಸೈಟ್ ಮಾಡೋಕೆ ಆತುರಪಡುವುದಿಲ್ಲ. ನಾನು ನೋಡಿದ ಮಟ್ಟಿಗೆ ಇದು ಒಳ್ಳೆಯ ವ್ಯವಸ್ಥೆ, ಮನಸ್ಸಿಗೆ ಒಪ್ಪಿಯೇ ತಿನ್ನುತ್ತೇನೆ. ಅಮ್ಮನಿಗೆ ಒಪ್ಪದಿದ್ದರೆ ಒತ್ತಾಯ ಮಾಡಬೇಡಿ, ಅವರಿಗೆ ಬೇರೆ ಪಲ್ಯ ಮಾಡಿ.

ಪ್ರಶ್ನೆ ಕೇಳಿದವರು, ಭಾನುವಾರ:

ನಿನ್ನೆ ಊಟ ಆಯಿತು. ಕೊಬ್ಬು ತೆಗೆಯೋಕೇ ನನಗೆ ಒಂದು ಗಂಟೆ ಹಿಡಿಯಿತು, ತೆಗೆದಿದ್ದು ಒಂದು ಬಟ್ಟಲು ತುಂಬ ಇತ್ತು. ಹೋದ ಸಲ ಅಷ್ಟನ್ನೂ ಕುಕ್ಕರಿಗೆ ಹಾಕಿದ್ದೆ ಅಂತ ಆಗ ಗೊತ್ತಾಯಿತು. ಕಬಾಬ್ ಬಹಳ ಚೆನ್ನಾಗಿ ಬಂತು. ಕಚ್ಚಿದರೆ ಮೊದಲು ಗರಿ, ಆಮೇಲೆ ಸ್ವಲ್ಪ ಹಿಡಿತ, ಕೋಳಿಗೂ ಸಿಗಡಿಗೂ ನಡುವೆ. ಮಕ್ಕಳು ಎರಡೆರಡು ತುಂಡು ತಿಂದು ಇನ್ನೂ ಬೇಕು ಅಂದರು, ಒರ್ಲ್ಯಾಂಡೊದವರ ಮಾತು ನೆನಪಿಟ್ಟುಕೊಂಡು ಕೊಡಲಿಲ್ಲ. ಅತ್ತೆ ತಿನ್ನಲಿಲ್ಲ, ಆದರೆ ಪಕ್ಕದಲ್ಲಿ ನಿಂತು ಕರಿಬೇವು ಬಿಡಿಸಿಕೊಟ್ಟರು.

ಬಂದವರು ಒಂದು ತಟ್ಟೆ ಮುಗಿಸಿ, ಇದರಲ್ಲಿರುವ ಕೆಂಪು ಪುಡಿ ಯಾವುದು, ಖಾರ ಕಮ್ಮಿ ಬಣ್ಣ ಜಾಸ್ತಿ ಇದೆಯಲ್ಲ ಅಂತ ಕೇಳಿದರು. ಊರಿಂದ ತಂದ ಬ್ಯಾಡಗಿ ಪುಡಿ ಅರ್ಧ ಡಬ್ಬಿ ಕಟ್ಟಿಕೊಟ್ಟೆ. ಟ್ಯಾಗ್ ನಂಬರ್ ಚೀಟಿಯನ್ನೂ ಬರೆಸಿಕೊಂಡೆ.

ಸಾರಿನಲ್ಲಿ ಮಾತ್ರ ಎರಡು ಮೂರು ತುಂಡು ಇನ್ನೂ ಗಟ್ಟಿ ಇದ್ದವು, ಅವರು ಬರುವ ಹೊತ್ತಾಯಿತು ಅಂತ ಒಂದು ಗಂಟೆ ಹತ್ತು ನಿಮಿಷಕ್ಕೇ ಇಳಿಸಿಬಿಟ್ಟಿದ್ದೆ. ರಾತ್ರಿ ಮತ್ತೆ ಒಲೆ ಮೇಲಿಟ್ಟು ಮುಕ್ಕಾಲು ಗಂಟೆ ಕುದಿಸಿದ ಮೇಲೆ ಬೆರಳಲ್ಲಿ ಒತ್ತಿದರೆ ಬಿಡಿಸಿಕೊಂಡು ಬಂತು. ಇನ್ನು ಒಂದು ಪೌಂಡ್ ಬಿಳಿ ಇದೆ. ಅದನ್ನು ಘೀ ರೋಸ್ಟ್ ಮಾಡುತ್ತೇನೆ. ನ್ಯೂ ಆರ್ಲಿಯನ್ಸ್‌ನವರೇ, ಒಂದು ಪೌಂಡ್‌ಗೆ ಹುಣಸೆ ಎಷ್ಟು ಹಾಕುತ್ತೀರಿ?

ನ್ಯೂ ಆರ್ಲಿಯನ್ಸ್‌ನಿಂದ:

ಸಣ್ಣ ನಿಂಬೆಕಾಯಿ ಗಾತ್ರ. ಜಾಸ್ತಿ ಬೇಡ, ಬೆಲ್ಲ ಚಿಟಿಕೆ ಹಾಕಿ.