ಮುಂಬೈ ಹೈಗಿಂತ ಕಡಿಮೆ ನೀರು, ಆದರೂ ಆರ್ಕ್ಟಿಕ್‌ನಲ್ಲಿ ಎಣ್ಣೆಬಾವಿ ಕೊರೆಯೋದು ಯಾಕಿಷ್ಟು ಕಷ್ಟ?

ಕಡಲಕೊರೆತ:

ಈ ಲೆಕ್ಕ ನನಗೆ ತಾಳೆ ಆಗ್ತಿಲ್ಲ, ತಿಳಿದವರು ಹೇಳಿ. ಮುಂಬೈ ಹೈನಲ್ಲಿ ನೀರಿನ ಆಳ ಸುಮಾರು 75 ಮೀಟರ್. 1974ರಲ್ಲಿ ಎಣ್ಣೆ ಸಿಕ್ಕಿದಾಗಿನಿಂದ ಅಲ್ಲಿ ಬಾವಿ ಕೊರೆಯುತ್ತಲೇ ಇದ್ದಾರೆ, ಜಾಕಪ್ ರಿಗ್ ತಂದು ಕಾಲು ಊರಿ ಕೆಲಸ ಮುಗಿಸುತ್ತಾರೆ. ಅಲಾಸ್ಕಾದ ಚುಕ್ಚಿ ಸಮುದ್ರದಲ್ಲಿ ಶೆಲ್ ಕೊರೆದ ಬರ್ಗರ್ ಜೆ ಬಾವಿಯ ಜಾಗದಲ್ಲಿ ನೀರು ಬರೀ 46 ಮೀಟರ್. ಬಾವಿಯೂ 6,800 ಅಡಿಗೆ ಮುಗಿದಿದೆ, ಅಂದರೆ ಎರಡು ಕಿ.ಮೀ. ಚಿಲ್ಲರೆ. ಕಾಗದದ ಮೇಲೆ ಇದು ಸುಲಭದ ಬಾವಿ. ಆದರೂ 2015ರ ಸೆಪ್ಟೆಂಬರ್ 28ರಂದು ಕಂಪನಿ ಕೈಚೆಲ್ಲುವ ಹೊತ್ತಿಗೆ ಸುಮಾರು 700 ಕೋಟಿ ಡಾಲರ್ ಖರ್ಚಾಗಿತ್ತು. ಅದರಲ್ಲಿ 210 ಕೋಟಿ 2008ರಲ್ಲಿ ಕೊರೆಯುವ ಹಕ್ಕಿಗೆ ನಡೆದ ಹರಾಜಿನ ಹಣ ಅಂತ ಬಿಟ್ಟರೂ ಉಳಿದದ್ದು ಎಲ್ಲಿ ಹೋಯಿತು?

ಜಾಕಪ್ ಯಾಕೆ ಒಯ್ಯಲಿಲ್ಲ? ಬೇಸಿಗೆಯಲ್ಲಿ ಮಂಜುಗಡ್ಡೆ ಸರಿದಾಗ ಕೊರೆದರೆ ಸಾಲದೇ? "ಚಳಿ ಜಾಸ್ತಿ, ಹವಾಮಾನ ಕಠಿಣ" ಅನ್ನೋ ಉತ್ತರ ಬೇಡ. ಯಾವ ಭಾಗ, ಯಾಕೆ ಕೈಕೊಡುತ್ತೆ, ಎಷ್ಟು ಹೊತ್ತು ಬೇಕು ಅನ್ನೋದು ಬೇಕು.

ಸಬ್‌ಸೀ_ಸುಬ್ಬಣ್ಣ:

ನೀರು ಕಡಿಮೆ ಅನ್ನೋದನ್ನೇ ನೀವು ಅನುಕೂಲ ಅಂದುಕೊಂಡಿದ್ದೀರಿ. ತೇಲುವ ರಿಗ್‌ಗೆ ಅದೇ ಮೊದಲ ಕಂಟಕ.

ಕೊರೆಯುವಾಗ ರಿಗ್‌ನಿಂದ ಸಮುದ್ರ ತಳಕ್ಕೆ ಇಳಿಯುವ ಕೊಳವೆ, ಅಂದರೆ ರೈಸರ್‌ನ ಬುಡದಲ್ಲಿರುವ ಬಾಗುವ ಕೀಲು (ಫ್ಲೆಕ್ಸ್ ಜಾಯಿಂಟ್) ಸರಾಸರಿ 2 ಡಿಗ್ರಿಗಿಂತ ಹೆಚ್ಚು ವಾಲಬಾರದು ಅನ್ನೋದು ವಾಡಿಕೆಯ ಮಿತಿ. 1,500 ಮೀಟರ್ ನೀರಿನಲ್ಲಿ 2 ಡಿಗ್ರಿ ಅಂದರೆ ರಿಗ್ 50 ಮೀಟರ್ ಆಚೀಚೆ ಸರಿಯಬಹುದು. 46 ಮೀಟರ್ ನೀರಿನಲ್ಲಿ ಅದೇ 2 ಡಿಗ್ರಿಗೆ ಸಿಗುವ ಅವಕಾಶ ಅಂದಾಜು 1.6 ಮೀಟರ್. ಗಾಳಿ, ಅಲೆ ತಳ್ಳಿದರೆ ಲಂಗರಿನ ಸರಪಳಿ ಎಳೆದು ಹಿಡಿಯುತ್ತೆ. ಆದರೆ ಮಂಜುಗಡ್ಡೆ ಅಲೆಯ ಹಾಗೆ ಬಂದು ಹೋಗುವುದಿಲ್ಲ, ಬಂದು ಒತ್ತಿ ನಿಲ್ಲುತ್ತೆ. ಹಿಂದಿನಿಂದ ಇಡೀ ಹಾಸು ತಳ್ಳುತ್ತಿರುತ್ತೆ. ಒಂದೂವರೆ ಮೀಟರ್ ಸರಿಯಲು ಎಷ್ಟು ಹೊತ್ತು?

ಹಾಗಾಗಿ ಅಲ್ಲಿ ಡ್ರಿಲ್ಲರ್ ಕಣ್ಣು ಎರಡು ಗಡಿಯಾರದ ಮೇಲಿರುತ್ತೆ. ಒಂದು, ಬಾವಿ ಭದ್ರ ಮಾಡಿ ಕಳಚಿಕೊಳ್ಳಲು ಬೇಕಾದ ಸಮಯ: ಪೈಪ್ ಮೇಲೆತ್ತಿ ಬಿಒಪಿಯಲ್ಲಿ (ಬಾವಿ ಬಾಯಿಗೆ ಕೂರಿಸಿದ ಭಾರಿ ವಾಲ್ವ್‌ಗಳ ಕಂತೆ) ತೂಗುಹಾಕಬೇಕು, ಅದರ ಬಾಗಿಲಿನಂಥ ರ‍್ಯಾಮ್ ಮುಚ್ಚಬೇಕು, ರೈಸರ್‌ನಲ್ಲಿರುವ ಮಡ್ (ಕೊರೆಯುವಾಗ ಹರಿಸುವ ಭಾರದ ದ್ರವ) ತೆಗೆದು ಸಮುದ್ರದ ನೀರು ತುಂಬಬೇಕು, ರೈಸರ್ ಬಿಡಿಸಬೇಕು, ಲಂಗರು ಬಿಡಬೇಕು. ಇದಕ್ಕೆ ಟಿ-ಟೈಮ್ ಅನ್ನುತ್ತಾರೆ. ಇನ್ನೊಂದು, ಅಪಾಯಕಾರಿ ಗಡ್ಡೆ ರಿಗ್ ತಲುಪಲು ಬೇಕಾದ ಸಮಯ. 20 ನಾಟಿಕಲ್ ಮೈಲಿ ದೂರದ ಹಾಸು ಅರ್ಧ ನಾಟ್ ವೇಗದಲ್ಲಿ ಬಂದರೆ 40 ಗಂಟೆ. ಎರಡರ ನಡುವಿನ ಅಂತರ ಕಿರಿದಾದಂತೆ ಹಸಿರು, ನೀಲಿ, ಹಳದಿ, ಕೆಂಪು ಅಂತ ಎಚ್ಚರಿಕೆ ಏರುತ್ತೆ.

ಗಮನಿಸಬೇಕಾದ್ದು ಏನೆಂದರೆ ಟಿ-ಟೈಮ್ ಒಂದೇ ಸಮ ಇರೋದಿಲ್ಲ. ಬರೀ ಡ್ರಿಲ್ ಪೈಪ್ ಇದ್ದರೆ ಕೆಲವೇ ಗಂಟೆ. ದಪ್ಪ ಕೇಸಿಂಗ್ (ಬಾವಿಯ ಗೋಡೆಗೆ ಇಳಿಸುವ ಉಕ್ಕಿನ ಕೊಳವೆ) ಬಿಒಪಿಯ ಅಡ್ಡ ಇರುವಾಗ ಅದನ್ನು ಕತ್ತರಿಸುವ ಶಕ್ತಿ ಎಲ್ಲ ಶಿಯರ್ ರ‍್ಯಾಮ್‌ಗೂ ಇರಲ್ಲ. ಕೇಸಿಂಗ್ ಇಳಿಸಿ ಸಿಮೆಂಟ್ ಹಾಕಿ ಅದು ಗಟ್ಟಿಯಾಗುವವರೆಗೆ ಓಡುವ ಹಾಗಿಲ್ಲ. ಅದಕ್ಕೇ ಕೇಸಿಂಗ್ ಶುರು ಮಾಡುವ ಮುಂಚೆ ಅಷ್ಟೂ ಹೊತ್ತಿನ ಐಸ್ ಮುನ್ಸೂಚನೆ ಕೈಯಲ್ಲಿರಬೇಕು, ಇಲ್ಲದಿದ್ದರೆ ಸುಮ್ಮನೆ ಕಾಯಬೇಕು. ದಿನಬಾಡಿಗೆ ಓಡುತ್ತಲೇ ಇರುತ್ತೆ.

ಬೇಸಿಗೆಯಲ್ಲಿ ಗಡ್ಡೆ ಇರಲ್ಲ ಅನ್ನೋದಕ್ಕೆ ಉದಾಹರಣೆ ಕೊಡ್ತೀನಿ. 2012ರ ಸೆಪ್ಟೆಂಬರ್ 9ಕ್ಕೆ ನೋಬಲ್ ಡಿಸ್ಕವರರ್ ಹಡಗು ಬರ್ಗರ್‌ನಲ್ಲಿ ಕೊರೆತ ಆರಂಭಿಸಿತು. ಮಾರನೇ ದಿನವೇ ಸುಮಾರು 48 ಕಿ.ಮೀ. ಉದ್ದದ ಮಂಜುಗಡ್ಡೆ ಹಾಸು ಆ ಕಡೆ ತಿರುಗಿತು ಅಂತ ಲಂಗರು ಬಿಡಿಸಿಕೊಂಡು ಜಾಗ ಖಾಲಿ ಮಾಡಬೇಕಾಯಿತು. ಸೆಪ್ಟೆಂಬರ್ ಅಂದರೆ ಅಲ್ಲಿ ವರ್ಷದಲ್ಲೇ ಗಡ್ಡೆ ಅತಿ ಕಡಿಮೆ ಇರುವ ತಿಂಗಳು.

ಜಾಕಪ್‌ನ ತೊಂದರೆಯೂ ಇದೇ. ಜಾಲರಿ ಕಾಲುಗಳು ಅಲೆಗೆ ಮಾಡಿದವು. ನೀರು ತೂರಿ ಹೋಗುತ್ತೆ, ಗಡ್ಡೆ ತೂರಲ್ಲ, ಕಾಲುಗಳ ನಡುವೆ ಸಿಕ್ಕಿ ರಾಶಿ ಬೀಳುತ್ತೆ. ಹೊರಡಬೇಕೆಂದರೆ ಹಲ್ (ರಿಗ್‌ನ ಒಡಲು) ಕೆಳಗಿಳಿಸಿ, ಕೆಸರಿನಲ್ಲಿ ಹೂತ ಕಾಲು ಕಿತ್ತು, ಟಗ್ ಕಟ್ಟಬೇಕು. ಇಳಿಸುವಾಗ ಸಮುದ್ರ ಶಾಂತವಾಗಿಯೂ ಇರಬೇಕು. ಕೊನೊಕೊಫಿಲಿಪ್ಸ್ ಚುಕ್ಚಿಯಲ್ಲಿ ಜಾಕಪ್‌ನಿಂದಲೇ ಕೊರೆಯುವ ಯೋಜನೆ ಹಾಕಿತ್ತು, 2013ರಲ್ಲಿ ಅದನ್ನು ತಡೆಹಿಡಿಯಿತು.

ತೀರದಾಚೆ:

ಸುಬ್ಬಣ್ಣನವರು ಗಂಟೆಗಳ ಲೆಕ್ಕ ಕೊಟ್ಟರು. ಖರ್ಚು ಎಲ್ಲಿ ಹೋಯಿತು ಅಂತ ತಿಳಿಯಲು ಕ್ಯಾಲೆಂಡರ್ ನೋಡಬೇಕು.

ಮೆಕ್ಸಿಕೊ ಕೊಲ್ಲಿಯ ಮಕೊಂಡೊ ಬಾವಿ 2010ರ ಏಪ್ರಿಲ್ 20ಕ್ಕೆ ಸಿಡಿಯಿತು. ಮೇಲಿನಿಂದ ಮುಚ್ಚಳ ಕೂತಿದ್ದು ಜುಲೈ 15ಕ್ಕೆ. ಪಕ್ಕದಲ್ಲಿ ರಿಲೀಫ್ ಬಾವಿ ಕೊರೆದು ಬುಡದಲ್ಲಿ ಸಿಮೆಂಟ್ ತುಂಬಿ ಮುಗಿಯಿತು ಅಂತ ಘೋಷಿಸಿದ್ದು ಸೆಪ್ಟೆಂಬರ್ 19ಕ್ಕೆ. ಐದು ತಿಂಗಳು. ಚುಕ್ಚಿಯಲ್ಲಿ ಕೆಲಸಕ್ಕೆ ಸಿಗೋದು ಜುಲೈನಿಂದ ಅಕ್ಟೋಬರ್, ಅಷ್ಟೇ. ಸೆಪ್ಟೆಂಬರ್ ಕೊನೆಯಲ್ಲಿ ಬಾವಿ ಸಿಡಿದರೆ ರಿಲೀಫ್ ಬಾವಿ ಮುಗಿಯುವ ಮುಂಚೆ ಸಮುದ್ರ ಹೆಪ್ಪುಗಟ್ಟುತ್ತೆ, ಮುಂದಿನ ಜುಲೈವರೆಗೆ ಎಣ್ಣೆ ಗಡ್ಡೆಯ ಅಡಿಯಲ್ಲಿ ಹರಿಯುತ್ತಲೇ ಇರುತ್ತೆ. ಅದಕ್ಕೆ ಅಮೆರಿಕ ಸರ್ಕಾರ 2012ರಲ್ಲಿ ಹಾಕಿದ ಷರತ್ತು: ನವೆಂಬರ್ 1ಕ್ಕೆ ಹೆಪ್ಪುಗಟ್ಟುತ್ತೆ ಅಂತ ಹಿಡಿದು, ಅದಕ್ಕೆ 38 ದಿನ ಮುಂಚೆ, ಸೆಪ್ಟೆಂಬರ್ 24ಕ್ಕೆ, ಎಣ್ಣೆ ಇರುವ ಪದರದಲ್ಲಿ ಕೊರೆಯೋದು ನಿಲ್ಲಬೇಕು.

ಇದರ ಅರ್ಥ, ಒಂದು ಬಾವಿಗೆ ಎರಡು ರಿಗ್. 2015ರಲ್ಲಿ ಪೋಲಾರ್ ಪಯೋನಿಯರ್ ಕೊರೆಯಿತು, ರಿಲೀಫ್ ಬಾವಿ ಬೇಕಾದೀತು ಅಂತ ನೋಬಲ್ ಡಿಸ್ಕವರರ್ ಸ್ಟ್ಯಾಂಡ್‌ಬೈ. ಎರಡೂ ಒಟ್ಟಿಗೆ ಎರಡು ಬಾವಿ ಕೊರೆಯಲಿ ಅಂದರೆ ವಾಲ್ರಸ್‌ಗಳ ರಕ್ಷಣೆಗೆ ಕೊರೆಯುವ ರಿಗ್‌ಗಳ ನಡುವೆ 15 ಮೈಲಿ ಅಂತರ ಇರಬೇಕೆಂಬ ನಿಯಮ ಅಡ್ಡ ಬಂತು. ಅವರ ಜಾಗಗಳು ಅದಕ್ಕಿಂತ ಹತ್ತಿರ ಇದ್ದವು. ಒಂದು ರಿಗ್ ದುಡಿಯಿತು, ಎರಡಕ್ಕೂ ಬಾಡಿಗೆ ಹೋಯಿತು. ಜೊತೆಗೆ ಐಸ್‌ಬ್ರೇಕರ್, ಲಂಗರು ಹಡಗು, ಎಣ್ಣೆ ಬಳಿಯುವ ಬಾರ್ಜ್, ಟ್ಯಾಂಕರ್, ಸರಕು ಹಡಗು ಅಂತ ಒಂದು ಪಡೆಯೇ ಬೇಕು, ಯಾಕೆಂದರೆ ಹತ್ತಿರದಲ್ಲಿ ಆಳದ ಬಂದರು ಇಲ್ಲ. ಡಚ್ ಹಾರ್ಬರ್ ಸಾವಿರ ಮೈಲಿ ದಕ್ಷಿಣಕ್ಕೆ.

ಬಾವಿ ಸಿಡಿದರೆ ಕೂರಿಸುವ ಮುಚ್ಚಳ, ಕ್ಯಾಪಿಂಗ್ ಸ್ಟ್ಯಾಕ್, ಫೆನ್ನಿಕಾ ಐಸ್‌ಬ್ರೇಕರ್ ಮೇಲಿತ್ತು. 2015ರ ಜುಲೈನಲ್ಲಿ ಡಚ್ ಹಾರ್ಬರ್ ಬಿಡುವಾಗ ನಕ್ಷೆಯಲ್ಲಿಲ್ಲದ ದಿಣ್ಣೆಗೆ ಅದರ ತಳ ತಾಗಿ ಸೀಳಿತು. ದುರಸ್ತಿಗೆ ಪೋರ್ಟ್‌ಲೆಂಡ್‌ವರೆಗೂ ಹೋಗಬೇಕಾಯಿತು. ಅದು ವಾಪಸ್ ಬರುವವರೆಗೆ ಎಣ್ಣೆ ಪದರ ಮುಟ್ಟಲು ಪರವಾನಗಿ ಇಲ್ಲ. 2012ರ ಕಥೆಯೂ ಅಷ್ಟೇ: ಸೋರುವ ಎಣ್ಣೆ ಹಿಡಿಯುವ ಗುಮ್ಮಟವನ್ನು ಪ್ಯೂಜೆಟ್ ಸೌಂಡ್‌ನ ಶಾಂತ ನೀರಿನಲ್ಲಿ ಪರೀಕ್ಷಿಸುವಾಗಲೇ ಅದು ಜಜ್ಜಿಹೋಯಿತು, ಆ ವರ್ಷ ಬಾವಿಗಳ ಮೇಲ್ಭಾಗವನ್ನಷ್ಟೇ ಕೊರೆದು ಬರಬೇಕಾಯಿತು. ನನ್ನ ಪ್ರಕಾರ ಶೆಲ್ ಅನ್ನು ಸೋಲಿಸಿದ್ದು ಬಿಟ್ (ಕೊರೆಯುವ ಮೂತಿ) ಮುಂದಿದ್ದ ಬಂಡೆಯಲ್ಲ, ಈ ಬಗೆಯ ಸರಪಳಿ. ಒಂದು ಕೊಂಡಿ ತಪ್ಪಿದರೆ ಹದಿನೈದು ದಿನವಲ್ಲ, ವರ್ಷವೇ ಹೋಗುತ್ತೆ.

ಇನ್ನು ಬಿಒಪಿ. ಮುಂಬೈ ಹೈನ ಜಾಕಪ್‌ನಲ್ಲಿ ಅದು ಡೆಕ್ ಮೇಲೆ ಇರುತ್ತೆ. ಚುಕ್ಚಿಯಲ್ಲಿ ಸಮುದ್ರ ತಳದ ಮೇಲೂ ಇಡುವ ಹಾಗಿಲ್ಲ. ಗಡ್ಡೆಗಳು ಒಂದರ ಮೇಲೊಂದು ಏರಿ ಆದ ದಿಬ್ಬದ ಬುಡ ನೀರಿನಡಿ ಇಪ್ಪತ್ತು ಮೀಟರಿಗೂ ಹೆಚ್ಚು ಇಳಿದಿರಬಹುದು, ಅದು ತಳವನ್ನು ನೇಗಿಲು ಹೊಡೆದ ಹಾಗೆ ಉಳುತ್ತಾ ಹೋಗುತ್ತೆ. ಹಾಗಾಗಿ ಮೊದಲು ಸುಮಾರು 6 ಮೀಟರ್ ಅಗಲ, 12 ಮೀಟರ್ ಆಳದ ಹೊಂಡ ತೋಡಿ ಬಿಒಪಿಯನ್ನು ಅದರೊಳಗೆ ಇಳಿಸಬೇಕು. ಇದಕ್ಕೆ ಮಡ್‌ಲೈನ್ ಸೆಲ್ಲರ್ ಅನ್ನುತ್ತಾರೆ. ಒಂದು ಸೆಲ್ಲರ್‌ಗೆ ಅಂದಾಜು 340 ಘನ ಮೀಟರ್ ಜೇಡಿಮಣ್ಣು ತೆಗೆಯಬೇಕು. ದೊಡ್ಡ ವಿಶೇಷ ಬಿಟ್ ಬೇಕು, ಗೋಡೆ ಕುಸಿಯುತ್ತೆ, ಕಲ್ಲು ಸಿಕ್ಕರೆ ಬಿಟ್ ತಡವರಿಸುತ್ತೆ. ಅಷ್ಟು ದಿನ ಬಾವಿ ಒಂದಡಿಯೂ ಮುಂದುವರಿಯಲ್ಲ. ಗಡ್ಡೆ ಬಂದು ರಿಗ್ ಓಡಿದರೂ ಬಿಒಪಿ ಸುರಕ್ಷಿತ ಅನ್ನೋದೇ ಇದರ ಲಾಭ.

ಹೊನ್ನಾವರದ_ಸಾರಂಗ:

ಮೇಲಿನ ಇಬ್ಬರೂ ಶೆಲ್‌ನ ಕುಲ್ಲುಕ್ ರಿಗ್‌ನ ಹೆಸರು ಎತ್ತಲಿಲ್ಲ! ಅದು ಕಂಪನಿಯನ್ನು ಮುಳುಗಿಸಿದ್ದು ಕೊರೆತದಲ್ಲಲ್ಲ, ಎಳೆದೊಯ್ಯುವುದರಲ್ಲಿ.

ಕುಲ್ಲುಕ್ 1983ರಲ್ಲಿ ಜಪಾನಿನಲ್ಲಿ ಕಟ್ಟಿದ್ದು, 81 ಮೀಟರ್ ವ್ಯಾಸದ ದುಂಡು ರಿಗ್. ಹಲ್‌ನ ಗೋಡೆ ಕೆಳಗೆ ಹೋದಂತೆ ಒಳಕ್ಕೆ ಜಾರುತ್ತೆ, ಗಡ್ಡೆ ಬಂದು ಒತ್ತಿದರೆ ಕೆಳಕ್ಕೆ ಬಾಗಿ ಮುರಿಯಲಿ ಅಂತ. ಮಂಜುಗಡ್ಡೆಯನ್ನು ಜಜ್ಜಿ ಪುಡಿ ಮಾಡುವುದಕ್ಕಿಂತ ಬಾಗಿಸಿ ಮುರಿಯೋದು ಸುಲಭ. ಸುತ್ತ 12 ಲಂಗರು, ಯಾವ ದಿಕ್ಕಿನಿಂದ ಗಡ್ಡೆ ಬಂದರೂ ಒಂದೇ. ಐಸ್‌ನಲ್ಲಿ ನಿಲ್ಲಲು ಅಪ್ಪಟ ವಿನ್ಯಾಸ. ಆದರೆ ಅದಕ್ಕೆ ಸ್ವಂತ ಪ್ರೊಪೆಲ್ಲರ್ ಇಲ್ಲ, ಮೂತಿ ಇಲ್ಲ, ತೆರೆದ ಸಮುದ್ರದಲ್ಲಿ ಎಳೆದರೆ ನೆಟ್ಟಗೆ ಬರಲ್ಲ.

2012ರ ಡಿಸೆಂಬರ್ 21ಕ್ಕೆ ಐವಿಕ್ ಅನ್ನೋ ಒಂದೇ ಹಡಗು ಅದನ್ನು ಕಟ್ಟಿಕೊಂಡು ಡಚ್ ಹಾರ್ಬರ್‌ನಿಂದ ಸಿಯಾಟಲ್ ಕಡೆ ಹೊರಟಿತು. ಅಲಾಸ್ಕಾ ಕೊಲ್ಲಿ, ನಡು ಚಳಿಗಾಲ. 27ಕ್ಕೆ ಎಳೆಯುವ ತಂತಿಯ (ಟೋ ಲೈನ್) ಕೊಂಡಿ, ಶ್ಯಾಕಲ್, ಕಳಚಿತು. ಉದ್ದ ಅಲೆಯಲ್ಲಿ ಎರಡು ಹಡಗು ಬೇರೆ ಬೇರೆ ಲಯದಲ್ಲಿ ಏರಿಳಿದಾಗ ತಂತಿ ಒಮ್ಮೆ ಸಡಿಲ, ಒಮ್ಮೆ ಜಗ್ಗು. ಸರಾಸರಿ ಎಳೆತ ಮಿತಿಯೊಳಗಿದ್ದರೂ ಜಗ್ಗಿದ ಕ್ಷಣದ ಭಾರ ಅದರ ಹಲವು ಪಟ್ಟು. ವಿಂಚ್‌ನ ಅಲಾರಂ ಮತ್ತೆ ಮತ್ತೆ ಹೊಡೆದದ್ದು ಆಮೇಲಿನ ತನಿಖೆಯಲ್ಲಿ ಗೊತ್ತಾಯಿತು. ತುರ್ತು ಲೈನ್ ಕಟ್ಟಿದರು. 28ರ ಬೆಳಗಿನ ಜಾವ ಐವಿಕ್‌ನ ನಾಲ್ಕೂ ಎಂಜಿನ್ ಒಂದೊಂದಾಗಿ ನಿಂತವು. ಡೆಕ್ ಮೇಲೆ ಅಲೆ ಹೊಡೆದು ಟ್ಯಾಂಕಿನ ವೆಂಟ್ ಮೂಲಕ ಸಮುದ್ರದ ನೀರು ಡೀಸೆಲ್‌ಗೆ ಸೇರಿದ್ದರತ್ತ ತನಿಖೆ ಬೊಟ್ಟು ಮಾಡಿತು. 29ಕ್ಕೆ ಕೋಸ್ಟ್ ಗಾರ್ಡ್ ಹೆಲಿಕಾಪ್ಟರ್ ರಿಗ್ ಮೇಲಿದ್ದ 18 ಜನರನ್ನು ಇಳಿಸಿತು. 31ರ ರಾತ್ರಿ ಕುಲ್ಲುಕ್ ಸಿಟ್ಕಲಿಡಾಕ್ ದ್ವೀಪದ ದಂಡೆಗೆ ಬಿತ್ತು. ಆಮೇಲೆ ಚೀನಾದಲ್ಲಿ ಗುಜರಿಗೆ ಹೋಯಿತು.

ಎರಡನೇ ಟಗ್ ಮೊದಲಿನಿಂದ ಜೊತೆಗಿದ್ದಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ. ಅಂದಹಾಗೆ ಆ ಐವಿಕ್ ಈಗ ಸ್ಟೋರಿಸ್ ಅನ್ನೋ ಹೆಸರಿನಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್‌ನದೇ ಹಡಗು.

ಕಡಲಕೊರೆತ:

ಎಲ್ಲರಿಗೂ ಧನ್ಯವಾದ. 1.6 ಮೀಟರ್ ಲೆಕ್ಕ ನೋಡಿದ ಮೇಲೆ ಅರ್ಧ ಪ್ರಶ್ನೆ ಕರಗಿತು. ಯಂತ್ರಗಳ ಮೇಲೆ ಚಳಿಯ ಪರಿಣಾಮ ಯಾರಾದರೂ ಬರೆಯಿರಿ. ಮತ್ತೆ, ರಷ್ಯಾದವರು ವರ್ಷವಿಡೀ ಎಣ್ಣೆ ತೆಗೀತಾರಲ್ಲ, ಅವರಿಗೆ ಈ ಕ್ಯಾಲೆಂಡರ್ ಇಲ್ಲವೇ?

ರಿಗ್_ಮೆಕ್ಯಾನಿಕ್:

ಚಳಿಯದ್ದು ನಾನು ಹೇಳ್ತೀನಿ, ಚಿಕ್ಕದಾಗಿ.

ಬಿಒಪಿ ಮುಚ್ಚಲು ಒತ್ತಡ ಕೂಡಿಡುವ ಅಕ್ಯುಮುಲೇಟರ್ ಬಾಟಲಿಗೆ 20 ಡಿಗ್ರಿಯಲ್ಲಿ 1,000 ಪಿಎಸ್‌ಐ ನೈಟ್ರೋಜನ್ ತುಂಬಿಟ್ಟರೆ ಮೈನಸ್ 30ರಲ್ಲಿ ಅದು ಸುಮಾರು 830ಕ್ಕೆ ಇಳಿಯುತ್ತೆ. ಸೋರಿಕೆ ಏನೂ ಇಲ್ಲ, ಬರೀ ಅನಿಲದ ಗುಣ. ಬಿಸಿ ಕೋಣೆಯ ಹೊರಗಿರುವ ಬಾಟಲಿಗೆ ಆ ತಾಪಕ್ಕೇ ಲೆಕ್ಕ ಹಾಕಿ ತುಂಬಬೇಕು. ಬಿಒಪಿ ಕಂಟ್ರೋಲ್ ದ್ರವ ಹೆಪ್ಪುಗಟ್ಟದ ಹಾಗೆ ಅದಕ್ಕೆ ಗ್ಲೈಕಾಲ್. ಇನ್‌ಸ್ಟ್ರುಮೆಂಟ್ ಏರ್ (ವಾಲ್ವ್ ನಡೆಸುವ ಒತ್ತಡದ ಗಾಳಿ) ಚೆನ್ನಾಗಿ ಒಣಗಿರಬೇಕು, ತೇವ ಉಳಿದರೆ ವಾಲ್ವ್‌ನ ಪೈಲಟ್ ಲೈನಿನಲ್ಲಿ ಗಡ್ಡೆ ಕಟ್ಟಿ ವಾಲ್ವ್ ಅಲ್ಲಾಡಲ್ಲ. ಸಾಮಾನ್ಯ ಕಾರ್ಬನ್ ಸ್ಟೀಲ್ ಆ ಚಳಿಯಲ್ಲಿ ಬಾಗುವ ಬದಲು ಬಿರಿಯುತ್ತೆ, ಕ್ರೇನ್ ಬೂಮ್‌ಗೂ ಪ್ಯಾಡ್‌ಐಗೂ (ಕೊಕ್ಕೆ ಸಿಕ್ಕಿಸುವ ಉಕ್ಕಿನ ಕಣ್ಣು) ಕಡಿಮೆ ತಾಪದಲ್ಲಿ ಹೊಡೆತ ತಾಳುತ್ತದೆಯೇ ಅನ್ನೋ ಚಾರ್ಪಿ ಪರೀಕ್ಷೆ ಆದ ಸ್ಟೀಲೇ ಬೇಕು.

ಸಮುದ್ರ ತಳದಲ್ಲಿ ನೀರು ಸೊನ್ನೆ ಡಿಗ್ರಿ ಆಸುಪಾಸು. ಆ ತಾಪದಲ್ಲಿ ಮೀಥೇನ್ ಹೈಡ್ರೇಟ್ (ನೀರೂ ಅನಿಲವೂ ಸೇರಿ ಆಗುವ ಮಂಜಿನಂಥ ಗಟ್ಟಿ) ಕಟ್ಟಲು ಸುಮಾರು 26 ಬಾರ್ ಸಾಕು. ಕಿಕ್ (ಬಾವಿಯೊಳಗೆ ಅನಿಲ ನುಗ್ಗುವುದು) ಬಂದು ಬಿಒಪಿ ಮುಚ್ಚಿದರೆ ಒಳಗಿನ ಒತ್ತಡ ಅದಕ್ಕಿಂತ ಎಷ್ಟೋ ಮೇಲೆ. ಆಗ ಒತ್ತಡ ಇಳಿಸುವ ಚೋಕ್ ಲೈನ್, ಭಾರದ ಮಡ್ ತುಂಬುವ ಕಿಲ್ ಲೈನ್ ಕಟ್ಟಿಕೊಂಡರೆ ಬಾವಿ ಹತೋಟಿಗೆ ತರುವ ದಾರಿಯೇ ಮುಚ್ಚಿತು. ಅದಕ್ಕೆ ಮಡ್‌ನಲ್ಲಿ ಉಪ್ಪು, ಗ್ಲೈಕಾಲ್ ಹೆಚ್ಚು.

ಚಳಿ ಅಂತ ರಿಗ್‌ಗೆ ಗೋಡೆ ಕಟ್ಟಿ ಮುಚ್ಚಿದರೆ ಗ್ಯಾಸ್ ಸೋರಿದಾಗ ಹೊರಹೋಗಲು ದಾರಿ ಇಲ್ಲ, ಬೆಂಕಿ ತಗುಲಿದರೆ ಸ್ಫೋಟ. ಹಾಗಂತ ಗಂಟೆಗೆ 12 ಸಲ ಗಾಳಿ ಬದಲಾಯಿಸಲು ಹೋಗಿ: 10,000 ಘನ ಮೀಟರಿನ ಮಾಡ್ಯೂಲ್‌ನಲ್ಲಿ ಮೈನಸ್ 30ರ ಗಾಳಿಯನ್ನು 5 ಡಿಗ್ರಿಗೆ ಏರಿಸಲೇ ಸುಮಾರು 1.6 ಮೆಗಾವಾಟ್ ಬೇಕು. ಇದು ಒಂದು ಮಾಡ್ಯೂಲ್‌ಗೆ.

ನಾರ್ವೆ_ಕನ್ನಡಿಗ:

ಆರ್ಕ್ಟಿಕ್ ಅಂತ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕೋದಕ್ಕೆ ನನ್ನ ತಕರಾರಿದೆ. ನಾರ್ವೆಯ ಹಮ್ಮರ್‌ಫೆಸ್ಟ್‌ನಿಂದ 85 ಕಿ.ಮೀ. ದೂರದ ಗೋಲಿಯಾತ್ ಎಣ್ಣೆಕ್ಷೇತ್ರ 71 ಡಿಗ್ರಿ ಉತ್ತರದಲ್ಲಿದ್ದರೂ ಬೆಚ್ಚನೆಯ ಪ್ರವಾಹದಿಂದ ಅಲ್ಲಿ ಸಮುದ್ರ ಹೆಪ್ಪುಗಟ್ಟಲ್ಲ. 2016ರಿಂದ ತೇಲುವ ದುಂಡು ಘಟಕದಲ್ಲಿ ಎಣ್ಣೆ ತೆಗೆಯುತ್ತಿದ್ದಾರೆ. ಅಲ್ಲಿಯ ತಲೆನೋವು ತುಂತುರು ಹೆಪ್ಪುಗಟ್ಟಿ ಕಬ್ಬಿಣಕ್ಕೆ ಅಂಟುವುದು, ಮತ್ತೆ ಕೆಲವೇ ಗಂಟೆಯಲ್ಲಿ ಹುಟ್ಟುವ ಪೋಲಾರ್ ಲೋ ಬಿರುಗಾಳಿ.

ರಷ್ಯಾದ ಪ್ರಿರಾಜ್ಲೋಮ್ನಾಯಾ ಪೆಚೋರಾ ಸಮುದ್ರದಲ್ಲಿ 20 ಮೀಟರ್ ನೀರಿನಲ್ಲಿ ಕೂತಿದೆ. 126 ಮೀಟರ್ ಚೌಕದ ಉಕ್ಕಿನ ಪೆಟ್ಟಿಗೆ, ತೂಕಕ್ಕೆ ಕಲ್ಲು ಸುರಿದಿದ್ದಾರೆ, ಬಾವಿಗಳೆಲ್ಲ ಅದರ ಒಳಗಿಂದಲೇ. ಗಡ್ಡೆ ಬಂದರೆ ಓಡೋದಿಲ್ಲ, ತಡೆದು ನಿಲ್ಲುತ್ತೆ. 2013ರ ಡಿಸೆಂಬರ್‌ನಿಂದ ಉತ್ಪಾದನೆ ಇದೆ. ಆದರೆ ಅಲ್ಲಿ ಎಣ್ಣೆ ಇರೋದು ಮೊದಲೇ ಖಚಿತವಾಗಿತ್ತು. ಚುಕ್ಚಿಯಲ್ಲಿ ಎಣ್ಣೆ ಇದೆಯೋ ಇಲ್ಲವೋ ಅಂತ ನೋಡಲು ಅಂಥದ್ದನ್ನು ಯಾರೂ ಕಟ್ಟಲ್ಲ. ಇನ್ನೊಂದು ದಾರಿ ಸಖಾಲಿನ್-1ರದ್ದು. ಅದು ಆರ್ಕ್ಟಿಕ್ ಅಲ್ಲ, ಒಖೋಟ್ಸ್ಕ್ ಸಮುದ್ರ, ಆದರೆ ಚಳಿಗಾಲವಿಡೀ ಗಡ್ಡೆ. ಅಲ್ಲಿ ದಡದ ಮೇಲೆ ರಿಗ್ ನಿಲ್ಲಿಸಿ ಓರೆಯಾಗಿ ಸಮುದ್ರದಡಿಗೆ ಕೊರೆದರು. 2012ರ ಒಂದು ಬಾವಿಯ ಉದ್ದ 12,376 ಮೀಟರ್. ಸಖಾಲಿನ್-1ರಲ್ಲಿ ಒಎನ್‌ಜಿಸಿ ವಿದೇಶ್‌ಗೆ 20 ಶೇಕಡಾ ಪಾಲಿತ್ತು, 2006ರ ಕೊನೆಯಲ್ಲಿ ಅಲ್ಲಿಯ ಕಚ್ಚಾ ತೈಲ ಮಂಗಳೂರಿನ ಎಂಆರ್‌ಪಿಎಲ್‌ಗೂ ಬಂತು. ದಡದಿಂದ ನೂರು ಕಿ.ಮೀ. ಆಚೆ ಇರುವ ಬರ್ಗರ್‌ಗೆ ಈ ಉಪಾಯ ನಡೆಯಲ್ಲ.

ಸೋರಿದ ಎಣ್ಣೆ ಬಗ್ಗೆ ಒಂದು ಮಾತು. ಗಡ್ಡೆ ನೀರಿನ ಮೇಲ್ಮೈಯ 30 ಶೇಕಡಾಕ್ಕಿಂತ ಕಡಿಮೆ ಇದ್ದರೆ ಬೂಮ್ (ಎಣ್ಣೆ ತಡೆಯುವ ತೇಲುವ ಬೇಲಿ) ಹಾಕಬಹುದು. 70ಕ್ಕಿಂತ ಹೆಚ್ಚಿದ್ದರೆ ಗಡ್ಡೆಗಳೇ ಎಣ್ಣೆಯನ್ನು ಹರಡದಂತೆ ಹಿಡಿದಿಡುತ್ತವೆ, ಪದರ 2–3 ಮಿ.ಮೀ. ಇದ್ದರೆ ಅಲ್ಲೇ ಸುಡಬಹುದು. ನಡುವಿನ ಸ್ಥಿತಿಯಲ್ಲಿ ಬೂಮ್ ಹರಿಯುತ್ತೆ, ಎಣ್ಣೆ ಬಳಿಯುವ ಸ್ಕಿಮ್ಮರ್‌ಗೆ ಮಂಜಿನ ಚೂರು ತುಂಬುತ್ತೆ, ಸುಡುವಷ್ಟು ದಪ್ಪ ಎಣ್ಣೆ ಒಂದೆಡೆ ನಿಲ್ಲಲ್ಲ. ಅಕ್ಟೋಬರ್ ಕೊನೆಯ ಚುಕ್ಚಿಯಲ್ಲಿ ಸಿಗೋದು ಈ ನಡುವಿನ ಸ್ಥಿತಿಯೇ.